ಬಾಯಿಯಲ್ಲಿ ಮೊದಲು ಮೂಡುವ ಬೇನೆಗಳು

ಹಲ್ಲು ನೋಯದ ಹೊರತು ದಂತವೈದ್ಯನ ಹೊಸ್ತಿಲನ್ನು ತುಳಿಯಬಾರದೆಂಬುದು ನಮ್ಮ ಭಾಗದ ಜನರ ಅಲಿಖಿತ ನಿಯಮವಾಗಿದೆ. ನೋವು ತಡೆಯಲಾರದಂತಾದಾಗ ಬರುವುದು, ‘ಇದೊಂದು ಹಲ್ಲ ಕಿತ್ತಬಿಡ್ರಿ’ ಎನ್ನುವುದು, ಅರಳೆಯನ್ನು ಕಚ್ಚಿ ಹಿಡಿದು ಮುಂದಿನ ಬಸ್ಸಿಗೆ ಊರಿಗೆ ಮರಳುವುದು, ಇಷ್ಟಕ್ಕೆ ವ್ಯವಹಾರ ಮುಗಿಯುತ್ತದೆ. ವೈದ್ಯನಾದರೂ ಎಷ್ಟೋ ವೇಳೆ ನೋಯುವ ಆ ಒಂದು ಹಲ್ಲನ್ನಷ್ಟೇ ನೋಡಿ, ಅದರ ಸುತ್ತಲಿನ ವಸಡನ್ನೂ ನಾಲಿಗೆಯನ್ನೂ ಕೆನ್ನೆಯ ಒಳಪದರವನ್ನೂ ನೋಡದೆಯೇ ಕಳಿಸಿಬಿಡುವುದುಂಟು. ಇದು ಉಭಯ ಪಕ್ಷಗಳಿಗೂ ಸೇರಿದ ತಪ್ಪು. ಯೋಗರತ್ನಾಕರವೆಂಬ ಆಯುರ್ವೇದ ಗ್ರಂಥವು ರೋಗಿಯಲ್ಲಿ ಪರೀಕ್ಷಿಸಬೇಕಾದ ಎಂಟು ಸ್ಥಾನಗಳನ್ನು ಹೇಳುವಲ್ಲಿ ನಾಡಿ, ಮೂತ್ರ, ಮಲಗಳ ತರುವಾಯ ಜಿಹ್ವೆಯನ್ನೇ ಎಣಿಸಿದೆ. ನಾಲಿಗೆಯನ್ನು ನೋಡಿ ದೇಹದ ಸ್ಥಿತಿಯನ್ನು ಊಹಿಸುವ ವಿದ್ಯೆ ನಮಗೆ ಹೊಸದೇನೂ ಅಲ್ಲ. ನಡುವೆ ಎಲ್ಲಿಯೋ ಕೈಬಿಟ್ಟುಹೋಗಿದೆ.

ಕೆಲವು ವರ್ಷಗಳ ಹಿಂದೆ ಹೊನವಾಡದ ಕಡೆಯಿಂದ ನಡುವಯಸ್ಸಿನ ತಾಯಿಯೊಬ್ಬರು ನನ್ನಲ್ಲಿಗೆ ಬಂದಿದ್ದರು. ಹಲ್ಲಿನ ದೂರು ಇರಲಿಲ್ಲ. ಬಾಯಿಯ ತುಂಬ ಹುಣ್ಣು, ರೊಟ್ಟಿ ತಿನ್ನಲು ಬಾರದು, ಅನ್ನಕ್ಕೆ ಹಾಲು ಕಲಸಿ ಹೇಗೋ ನುಂಗುತ್ತಿದ್ದರು. ‘ಎಷ್ಟು ದಿವಸಾತ್ರೆವ್ವಾ?’ ಎಂದು ಕೇಳಿದರೆ, ‘ಉಷ್ಣಾ ಆಗೇತ್ರಿ ಸಾಹೇಬ್ರ, ಆರು ತಿಂಗಳಾತು’ ಎಂದರು. ಆ ಆರು ತಿಂಗಳಲ್ಲಿ ಅವರು ಸಬ್ಜಾ ಬೀಜದ ನೀರು ಕುಡಿದಿದ್ದರು, ಮಜ್ಜಿಗೆ ಕುಡಿದಿದ್ದರು, ತುಪ್ಪ ಸವರಿದ್ದರು, ಅಂಗಡಿಯಿಂದ ಬಿ-ಕಾಂಪ್ಲೆಕ್ಸ್ ಗುಳಿಗೆ ತರಿಸಿ ನುಂಗಿದ್ದರು. ಹುಣ್ಣು ಮಾತ್ರ ಒಂದು ಮಾಯುವಷ್ಟರಲ್ಲಿ ಎರಡು ಏಳುತ್ತಿದ್ದವು. ಕೆನ್ನೆಯ ಒಳಭಾಗವನ್ನು ಅರಳೆಯಿಂದ ಮೆಲ್ಲನೆ ಒತ್ತಿ ಸರಿಸಿದಾಗ ನೆನೆದ ಕಾಗದದಂತೆ ಮೇಲ್ಪದರವು ಸುಲಿದು ಬಂದಿತು. ಆಗ ನನ್ನ ಮನಸ್ಸಿಗೆ ಹೊಳೆದ ಹೆಸರು ಪೆಂಫಿಗಸ್. ಇದು ಬಾಯಿಯಲ್ಲಿ ಪ್ರಕಟವಾಗುವ ಚರ್ಮರೋಗ.

ಈ ರೋಗದ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯಕ. ಚರ್ಮದ ಮೇಲ್ಪದರದ ಜೀವಕೋಶಗಳು ಇಟ್ಟಿಗೆಗಳಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅವುಗಳನ್ನು ಹಿಡಿದಿಡುವ ಗಾರೆಯಂತಹ ಪ್ರೋಟೀನುಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಶತ್ರುವೆಂದು ಭ್ರಮಿಸಿ ನಾಶಪಡಿಸಿದಾಗ ಇಟ್ಟಿಗೆಗಳು ಬಿಡಿಬಿಡಿಯಾಗಿ, ನಡುವೆ ನೀರು ತುಂಬಿ, ಬೊಕ್ಕೆಗಳೇಳುತ್ತವೆ. ಬಾಯಿಯಲ್ಲಿ ಈ ಬೊಕ್ಕೆ ಕಾಣಿಸುವುದೇ ಅಪರೂಪ. ಎದ್ದ ಕೂಡಲೆ ಒಡೆದು ಹುಣ್ಣಾಗಿರುತ್ತದೆ. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಮೊದಲ ಗಾಯವಾಗುವುದು ಬಾಯಿಯಲ್ಲಿಯೇ. ಮೈಮೇಲೆ ಬೊಕ್ಕೆಗಳು ತೋರುವುದಕ್ಕೆ ಅನಂತರ ವಾರಗಳೋ ತಿಂಗಳುಗಳೋ ಬೇಕಾಗುತ್ತವೆ. 1950ರ ಸುಮಾರಿಗೆ ಸ್ಟಿರಾಯ್ಡ್ ಔಷಧಗಳು ಬಳಕೆಗೆ ಬರುವ ಮುನ್ನ ಈ ರೋಗ ಬಂದವರಲ್ಲಿ ಬಹುಪಾಲು ಜನ ಕೆಲವೇ ವರ್ಷಗಳಲ್ಲಿ ಮರಣಹೊಂದುತ್ತಿದ್ದರು. ನಮ್ಮ ದೇಶದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಜೆ. ಎಸ್. ಪಸ್ರಿಚಾ ಅವರು 1980ರ ದಶಕದಲ್ಲಿ ತಿಂಗಳಿಗೊಮ್ಮೆ ಮೂರು ದಿನ ರಕ್ತನಾಳದ ಮೂಲಕ ದೊಡ್ಡ ಪ್ರಮಾಣದ ಔಷಧ ಕೊಡುವ ಕ್ರಮವನ್ನು ರೂಢಿಗೆ ತಂದು ಅನೇಕರ ಜೀವ ಉಳಿಸಿದರು. ಈಗ ಅದಕ್ಕಿಂತಲೂ ಹೊಸ ಔಷಧಗಳಿವೆ. ಆದರೆ ಯಾವ ಔಷಧವಾದರೂ ಮೊದಲು ರೋಗವನ್ನು ಹೆಸರಿಡಿದು ಕರೆದ ಮೇಲೆ ತಾನೆ? ‘ಉಷ್ಣ’ ಎಂಬ ಒಂದು ಶಬ್ದವು ನಮ್ಮಲ್ಲಿ ಎಷ್ಟು ರೋಗಗಳನ್ನು ತನ್ನ ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತಿದೆಯೆಂಬುದನ್ನು ನೆನೆದರೆ ಖೇದವಾಗುತ್ತದೆ.

ದೇಹದ ಒಳಗಿನ ಬೇನೆಯು ಬಾಯಿಯಲ್ಲಿಯೇ ಏಕೆ ಮೊದಲು ತೋರಬೇಕು? ಕಾರಣ ಸರಳವಾಗಿದೆ. ಮೈಚರ್ಮದ ಮೇಲ್ಪದರವು ಪೂರ್ತಿ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು. ಕೆನ್ನೆಯ ಒಳಪದರಕ್ಕೆ ಸುಮಾರು ಎರಡೇ ವಾರ ಸಾಕು. ಹೀಗೆ ತ್ವರಿತವಾಗಿ ಸವೆದು ತ್ವರಿತವಾಗಿ ಬೆಳೆಯುವ ಅಂಗಕ್ಕೆ ಕಬ್ಬಿಣಾಂಶ, ಜೀವಸತ್ವಗಳ ಪೂರೈಕೆ ಸದಾ ಇರಬೇಕು. ಕಣಜ ಬರಿದಾದ ಸುದ್ದಿ ಮೊದಲು ತಿಳಿಯುವುದು ನಿತ್ಯ ಅಡಿಗೆ ಮಾಡುವವರಿಗೆ ತಾನೆ! ಅಲ್ಲದೆ ಬಾಯಿಯ ಪದರವು ತೆಳುವು, ಅದರಡಿಯ ರಕ್ತದ ಬಣ್ಣ ಮೇಲೆಯೇ ಕಾಣುತ್ತದೆ. ಹಲ್ಲಿನ ಸಂದುಗಳಲ್ಲಿ ಅಸಂಖ್ಯ ಸೂಕ್ಷ್ಮಾಣುಗಳು ಹೊಂಚು ಹಾಕಿರುವುದರಿಂದ ದೇಹದ ಪ್ರತಿರೋಧ ಶಕ್ತಿ ಕುಗ್ಗಿದ ಕ್ಷಣವೇ ಅವು ಮೇಲುಗೈ ಪಡೆಯುತ್ತವೆ.

ನಾಲಿಗೆಯ ವಿಷಯವನ್ನು ಮೊದಲು ನೋಡೋಣ. ಆರೋಗ್ಯವಂತರ ನಾಲಿಗೆಯ ಮೇಲೆ ಮಖಮಲ್ಲಿನ ನೂಲಿನಂತೆ ಸಣ್ಣ ಸಣ್ಣ ಮೊನೆಗಳಿರುತ್ತವೆ. ರಕ್ತಹೀನತೆಯುಂಟಾದಾಗ ಈ ಮೊನೆಗಳು ಸವೆದು ನಾಲಿಗೆಯು ನುಣ್ಣಗಾಗುತ್ತದೆ. ಕಬ್ಬಿಣಾಂಶದ ಕೊರತೆಯಲ್ಲಿ ಅದು ಬಿಳಚಿಕೊಂಡಿರುತ್ತದೆ, ಕೆಳದುಟಿಯ ಒಳಭಾಗವೂ ಬಿಳಚಿರುತ್ತದೆ, ಬಾಯಿಯ ಮೂಲೆಗಳು ಸೀಳುತ್ತವೆ, ಉಗುರುಗಳು ಚಮಚದಂತೆ ತಗ್ಗಾಗಬಹುದು. ಇದರೊಂದಿಗೆ ಗಟ್ಟಿ ಪದಾರ್ಥ ನುಂಗಲು ತೊಂದರೆಯಾಗುತ್ತಿದ್ದರೆ ಹೆಚ್ಚಿನ ಎಚ್ಚರಿಕೆ ಬೇಕು. ಅಂತಹ ಸ್ತ್ರೀಯರಲ್ಲಿ ಮುಂದೆ ಗಂಟಲಿನ ಕ್ಯಾನ್ಸರ್ ಬರುವ ಸಂಭವ ಹೆಚ್ಚು.

ಬಿ-12 ಎಂಬ ಜೀವಸತ್ವದ ಕೊರತೆಯಲ್ಲಿ ನಾಲಿಗೆಯು ಬಿಳಚುವ ಬದಲು ಕೆಂಪೇರಿ, ನುಣ್ಣಗಾಗಿ, ಉರಿಯುತ್ತದೆ. ಈ ಮಾತು ನಮ್ಮ ಓದುಗರಲ್ಲಿ ಬಹುಜನರಿಗೆ ನೇರವಾಗಿ ಸಂಬಂಧಿಸಿದ್ದು. ಬಿ-12 ಜೀವಸತ್ವವು ಸಸ್ಯಾಹಾರದಲ್ಲಿ ಇಲ್ಲ. ಸಸ್ಯಾಹಾರಿಗಳಿಗೆ ಅದು ದೊರೆಯಬೇಕಾದರೆ ಹಾಲು, ಮೊಸರುಗಳಿಂದಲೇ. ಜೋಳದ ರೊಟ್ಟಿ, ಹೆಸರುಕಾಳು, ಮೆಂತ್ಯದ ಪಲ್ಯ, ಅಗಸಿ ಚಟ್ನಿ ಇವೆಲ್ಲವೂ ಶ್ರೇಷ್ಠ ಆಹಾರವೇ ಸರಿ. ಆದರೆ ಇವು ಯಾವುವೂ ಈ ಒಂದು ಕೊರತೆಯನ್ನು ತುಂಬಲಾರವು. ಹಾಲು ಡೇರಿಗೆ ಹೋಗುತ್ತದೆ, ಮೊಸರು ಗಂಡಸರಿಗೂ ಮಕ್ಕಳಿಗೂ ಬಡಿಸಲ್ಪಡುತ್ತದೆ, ಕೊನೆಗೆ ಊಟಕ್ಕೆ ಕೂಡುವ ಗೃಹಿಣಿಯ ಪಾಲಿಗೆ ನೀರುಮಜ್ಜಿಗೆ ಉಳಿಯುತ್ತದೆ. ಅವಳ ನಾಲಿಗೆ ಉರಿದರೆ ಅದಕ್ಕೆ ಖಾರವೇ ಕಾರಣವೆಂದು ತೀರ್ಮಾನವಾಗುತ್ತದೆ. ಮುಂದೆ ಅಂಗಾಲು ಜುಮ್ಮೆನ್ನುವುದು, ಕತ್ತಲೆಯಲ್ಲಿ ನಡೆಯುವಾಗ ತೂಕ ತಪ್ಪುವುದು, ಮರೆವು ಇವು ತೋರಿದರೆ ನರಗಳು ಕೆಡುತ್ತಿವೆಯೆಂದು ಅರ್ಥ. ಇಲ್ಲಿ ಒಂದು ಅಪಾಯವನ್ನು ಹೇಳಲೇಬೇಕು. ರಕ್ತ ಕಡಿಮೆಯಿದೆಯೆಂದು ಫೋಲಿಕ್ ಆಮ್ಲದ ಗುಳಿಗೆಯನ್ನಷ್ಟೇ ನುಂಗಿದರೆ ರಕ್ತದ ಲೆಕ್ಕ ಸುಧಾರಿಸಬಹುದು, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಸಕ್ಕರೆ ಬೇನೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಹಲವು ವರ್ಷಗಳಿಂದ ಸೇವಿಸುತ್ತಿರುವವರಲ್ಲಿಯೂ ಬಿ-12 ಕಡಿಮೆಯಾಗುವುದುಂಟು. ಅಂತಹವರು ವೈದ್ಯರನ್ನು ಕೇಳಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು; ಗುಳಿಗೆಯನ್ನು ತಾವಾಗಿಯೇ ಬಿಡತಕ್ಕದ್ದಲ್ಲ.

ಸಕ್ಕರೆ ಬೇನೆಯ ಮಾತು ಬಂದುದರಿಂದ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ವೃತ್ತಿಯ ಆರಂಭದ ದಿನಗಳಲ್ಲಿ ಐವತ್ತರ ಆಸುಪಾಸಿನ ದ್ರಾಕ್ಷಿ ಬೆಳೆಗಾರರೊಬ್ಬರು ಅಲುಗಾಡುವ ಎರಡು ಹಲ್ಲುಗಳನ್ನು ತೋರಿಸಲು ಬಂದರು. ತೋಟದಲ್ಲಿ ಹಣ್ಣಿನ ಕಟಾವು ನಡೆದಿತ್ತು, ಅವರಿಗೆ ಅವಸರ. ನನಗೆ ಹೊಸ ಹುರುಪು. ಹಲ್ಲು ಕಿತ್ತೆ. ಮೂರು ವಾರವಾದರೂ ಗಾಯ ಮಾಯಲಿಲ್ಲ, ಮುಖ ಬಾತುಕೊಂಡಿತು. ಆಗ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆಯ ಪ್ರಮಾಣ ಮುನ್ನೂರನ್ನು ದಾಟಿತ್ತು! ತಮಗೆ ಈ ಬೇನೆಯಿದೆಯೆಂದು ಅವರಿಗೂ ತಿಳಿದಿರಲಿಲ್ಲ. ಆದರೆ ಅವರ ವಸಡುಗಳು ಮೊದಲ ದಿನವೇ ಅದನ್ನು ಸಾರಿ ಹೇಳಿದ್ದವು: ಒಂದೇ ವರ್ಷದೊಳಗೆ ಗಟ್ಟಿಯಾಗಿದ್ದ ಹಲ್ಲುಗಳು ಸಡಿಲಾಗಿದ್ದುದು, ಒಂದಾದ ಮೇಲೊಂದು ಕೀವುಗುಳ್ಳೆಗಳು ಎದ್ದುದು, ಬಾಯಿ ಒಣಗುತ್ತಿದ್ದುದು, ನಾಲಿಗೆಯ ಮೇಲೆ ಒರೆಸಿದರೆ ಏಳುವ ಬಿಳಿಯ ಬೂಷ್ಟು. ಓದಲು ನನಗೆ ಬಂದಿರಲಿಲ್ಲ ಅಷ್ಟೆ. ಆ ಹಿರಿಯರು ಗುಣವಾದರು, ನನ್ನನ್ನು ಒಂದು ಮಾತೂ ಆಡಲಿಲ್ಲ. ಅಂದಿನಿಂದ ಮೂವತ್ತು ವರ್ಷ ದಾಟಿದ ಯಾರಲ್ಲಿಯಾದರೂ ವಸಡು ಅಕಾರಣವಾಗಿ ಕೆಟ್ಟಿದ್ದರೆ ಸಕ್ಕರೆ ಪರೀಕ್ಷೆಯ ಚೀಟಿ ಬರೆಯದೆ ಇಕ್ಕಳಕ್ಕೆ ಕೈ ಹಾಕಿಲ್ಲ. ಬರಿಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಮೂರು ತಿಂಗಳ ಸರಾಸರಿಯನ್ನು ಹೇಳುವ ಪರೀಕ್ಷೆಯಲ್ಲಿ ಶೇಕಡಾ 6.5 ಮುಟ್ಟಿದರೆ ಅದನ್ನು ಮಧುಮೇಹವೆಂದು ಎಣಿಸುತ್ತಾರೆ. ಸಾಮಾನ್ಯವಾಗಿ ಎರಡನೆಯ ಪರೀಕ್ಷೆಯಿಂದ ಅದನ್ನು ದೃಢಪಡಿಸಿಕೊಳ್ಳುತ್ತಾರೆ. ಈ ಸಂಬಂಧವು ಎರಡೂ ಕಡೆಯಿಂದ ನಡೆಯುವಂಥದು. ಸಕ್ಕರೆ ಏರಿದರೆ ವಸಡು ಕೆಡುತ್ತದೆ. ವಸಡಿನಲ್ಲಿ ಕೀವು ನಿಂತರೆ ಸಕ್ಕರೆ ಹತೋಟಿಗೆ ಬರುವುದಿಲ್ಲ. ಹಲ್ಲಿನ ಬುಡ ಶುಚಿಮಾಡಿಸಿದ ಮೇಲೆ ಸಕ್ಕರೆಯು ಸ್ವಲ್ಪ ಮಟ್ಟಿಗೆ ಇಳಿಯುವುದು ಅನುಭವಕ್ಕೂ ಸಂಶೋಧನೆಗೂ ಒಪ್ಪಿತವಾದ ಸಂಗತಿಯಾಗಿದೆ.

ಪುನಃ ಚರ್ಮರೋಗಗಳ ಕಡೆಗೆ ಬರೋಣ. ಕೆನ್ನೆಯ ಒಳಗೆ ಎರಡೂ ಬದಿಗೆ ಬಿಳಿಯ ನೂಲಿನ ಜಾಳಿಗೆಯಂತೆ ಗೆರೆಗಳು ಮೂಡಿ ಖಾರ ತಗುಲಿದರೆ ಉರಿಯುತ್ತಿದ್ದರೆ ಅದು ಲೈಕೆನ್ ಪ್ಲಾನಸ್ ಇರಬಹುದು. ಇಂತಹವರ ಮಣಿಕಟ್ಟನ್ನು ತಿರುಗಿಸಿ ನೋಡಿದರೆ ಕೆಲವರಲ್ಲಿ ನೇರಿಳೆ ಬಣ್ಣದ, ತುರಿಸುವ, ಚಪ್ಪಟೆಯಾದ ಗುಳ್ಳೆಗಳು ಸಿಗುತ್ತವೆ. ಇದು ಅಂಟುರೋಗವಲ್ಲ, ಬಹುಮಟ್ಟಿಗೆ ನಿರಪಾಯಕಾರಿ. ಆದರೂ ಸ್ವಲ್ಪ ಜನರಲ್ಲಿ ಕಾಲಾನಂತರದಲ್ಲಿ ಕ್ಯಾನ್ಸರಿಗೆ ತಿರುಗುವುದರಿಂದ ವರ್ಷಕ್ಕೊಮ್ಮೆಯಾದರೂ ತೋರಿಸಿಕೊಳ್ಳಬೇಕು. ಮುಖದ ಮೇಲೆ ಮೂಗಿನ ಎರಡೂ ಪಕ್ಕ ಚಿಟ್ಟೆ ರೆಕ್ಕೆ ಬಿಚ್ಚಿದಂತೆ ಕೆಂಪು, ಅಂಗಳದಲ್ಲಿ ನೋವಿಲ್ಲದ ಹುಣ್ಣು, ಕೀಲುನೋವು ಇವು ಯುವತಿಯೊಬ್ಬಳಲ್ಲಿ ಕೂಡಿ ಬಂದರೆ ಲ್ಯೂಪಸ್ ಎಂಬ ರೋಗವನ್ನು ಶಂಕಿಸಿ ಮೂತ್ರಪಿಂಡಗಳನ್ನು ಪರೀಕ್ಷಿಸಬೇಕಾಗುತ್ತದೆ. ತುಟಿಯ ಮೇಲಿನ ತೊನ್ನು ಅಂಟುವುದಿಲ್ಲ, ಜೀವಕ್ಕೆ ಅಪಾಯವನ್ನೂ ತರುವುದಿಲ್ಲ; ಅದರಿಂದ ಆಗುವ ಕೇಡೆಲ್ಲ ಕನ್ಯೆ ನೋಡಲು ಬಂದವರ ಬಾಯಿಂದಲೇ.

ಗುಳಿಗೆಗಳಿಂದ ಬರುವ ವಿಕಾರಗಳನ್ನು ಪ್ರತ್ಯೇಕವಾಗಿ ನೆನಪಿಡಬೇಕು. ಕೆಲವರಿಗೆ ನೋವಿನ ಗುಳಿಗೆಯನ್ನೋ ಜ್ವರದ ಗುಳಿಗೆಯನ್ನೋ ನುಂಗಿದಾಗಲೆಲ್ಲ ತುಟಿಯ ಅದೇ ಜಾಗದಲ್ಲಿ ಅದೇ ಕಲೆ ಎದ್ದು ಕಪ್ಪಾಗಿ ಉಳಿಯುತ್ತದೆ. ಇದನ್ನು ಮಾಟವೆಂದೋ ಹಲ್ಲಿ ಬಿದ್ದುದೆಂದೋ ಹೇಳುವವರುಂಟು. ಯಾವ ಗುಳಿಗೆಯಿಂದ ಹೀಗಾಯಿತೆಂಬುದನ್ನು ಬರೆದಿಟ್ಟುಕೊಂಡು ಮುಂದೆ ಪ್ರತಿ ವೈದ್ಯರಿಗೂ ತೋರಿಸಿದರೆ ಸಾಕು. ಆದರೆ ಗಂಧಕಾಂಶದ ಸಲ್ಫಾ ಔಷಧ, ಮೂರ್ಛೆರೋಗದ ಔಷಧ ಮುಂತಾದವುಗಳನ್ನು ಆರಂಭಿಸಿದ ಕೆಲವು ದಿನ ಅಥವಾ ವಾರಗಳಲ್ಲಿ ಜ್ವರ ಬಂದು, ಕಣ್ಣು ಕೆಂಪಾಗಿ, ತುಟಿಗಳು ರಕ್ತದ ಹೆಕ್ಕಳೆಗಟ್ಟಿ, ಮೈಚರ್ಮ ಸುಲಿಯತೊಡಗಿದರೆ ಒಂದು ಗಂಟೆಯನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್ ಮುಂತಾದವುಗಳಿಂದ ಕೆಲವರಲ್ಲಿ ವಸಡು ಬೆಳೆದು ಹಲ್ಲುಗಳನ್ನೇ ಮುಚ್ಚುವುದುಂಟು. ಅಲ್ಲಿ ಭಯಕ್ಕೆ ಕಾರಣವಿಲ್ಲ. ಔಷಧ ಬದಲಾಯಿಸಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು.

ವಸಡು ಬಾತು ತಾನಾಗಿಯೇ ರಕ್ತ ಸೋರುವ, ಮೈಮೇಲೆ ಅಲ್ಲಲ್ಲಿ ನೀಲಿ ಕಲೆಗಳೇಳುವ, ದಿನದಿನಕ್ಕೆ ಸೊರಗುವ ಬಾಲಕನ ಹಲ್ಲನ್ನು ರಕ್ತಕಣಗಳ ಎಣಿಕೆಯಾಗದೆ ಯಾರೂ ಮುಟ್ಟಕೂಡದು. ಅದು ರಕ್ತದ ಕ್ಯಾನ್ಸರ್ ಆಗಿರಬಹುದು. ಜ್ವರದೊಡನೆ ವಸಡಿನಿಂದ ರಕ್ತ ಬಂದರೆ ಡೆಂಗ್ಯೂವನ್ನು ನೆನೆಯಬೇಕು. ದಡಾರದ ಕೆಂಪು ಗುಳ್ಳೆಗಳು ಮೈಮೇಲೆ ಬರುವ ಒಂದೆರಡು ದಿನ ಮುಂಚೆ ಕೆನ್ನೆಯ ಒಳಗೆ ದವಡೆ ಹಲ್ಲುಗಳ ಎದುರಿಗೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಗಳು ಕಾಣುತ್ತವೆಂದು ಅಮೇರಿಕದ ಹೆನ್ರಿ ಕಾಪ್ಲಿಕ್ 1896ರಲ್ಲಿ ಬರೆದನು. ಬಿಳಿಯ ಬೂಷ್ಟು ತರುಣರಲ್ಲಿ ಅಕಾರಣವಾಗಿ ತೋರಿದರೆ ಎಚ್‌ಐವಿ ಪರೀಕ್ಷೆಯ ಮಾತನ್ನು ಏಕಾಂತದಲ್ಲಿ, ಮರ್ಯಾದೆಯಿಂದ ಎತ್ತಬೇಕಾಗುತ್ತದೆ. ಇಂದು ಅದಕ್ಕೆ ನಿತ್ಯ ಸೇವಿಸುವ ಉಚಿತ ಔಷಧವಿದ್ದು ಸಾಮಾನ್ಯ ಆಯುಷ್ಯವನ್ನು ಬಾಳಬಹುದಾಗಿದೆ.

ಇನ್ನು ನಮ್ಮ ಜಿಲ್ಲೆಗೇ ವಿಶೇಷವಾಗಿ ಅಂಟಿಕೊಂಡ ಎರಡು ಸಂಗತಿಗಳು. ಮೊದಲನೆಯದು ನೀರು. ವಿಜಯಪುರವು ಕರ್ನಾಟಕದ ಫ್ಲೋರೈಡ್ ಬಾಧಿತ ಜಿಲ್ಲೆಗಳಲ್ಲೊಂದು. ಭಾರತದಲ್ಲಿ ಈ ಬೇನೆಯನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಇಂದಿನ ಆಂಧ್ರಪ್ರದೇಶದ ನೆಲ್ಲೂರಿನ ಕಡೆ. ಕುಡಿಯುವ ನೀರಿನ ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರಬಾರದು. ಎಲ್ಲ ಊರ ನೀರೂ ಹಾಗಿಲ್ಲ. ಒಂದೇ ಊರಿನಲ್ಲಿ ಒಂದು ಬೋರ್‌ವೆಲ್ಲಿನ ನೀರು ಸರಿಯಿದ್ದು ಪಕ್ಕದ ಓಣಿಯದು ಕೆಟ್ಟಿರಬಹುದು. ಹಲ್ಲಿನ ಮೇಲೆ ಸುಣ್ಣ ಬಳಿದಂತಹ ಬಿಳಿ ಪಟ್ಟೆಗಳೂ ಕಂದು ಗೆರೆಗಳೂ ಎಡಬಲಗಳಲ್ಲಿ ಸಮನಾಗಿ ಇದ್ದರೆ ಅದು ಉಜ್ಜಿದರೆ ಹೋಗುವ ಕೊಳೆಯಲ್ಲ. ಹಲ್ಲಿನ ಕಿರೀಟಗಳು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ, ಎಂದರೆ ಸುಮಾರು ಎಂಟು ವರ್ಷದೊಳಗೆ, ಆ ಮಗು ಯಾವ ನೀರು ಕುಡಿಯಿತೆಂಬುದರ ಅಳಿಸಲಾಗದ ದಾಖಲೆಯದು. ಶಿಕ್ಷಕರು ಇಂತಹ ಮಕ್ಕಳಿಗೆ ‘ಹಲ್ಲುಜ್ಜಿಲ್ಲ’ ಎಂದು ಗದರಿಸುವುದನ್ನು ನಾನು ಕಂಡಿದ್ದೇನೆ. ಗದರಿಸುವ ಬದಲು ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕಳಿಸಿದರೆ ಆ ಊರಿನ ಹಿರಿಯರ ಬೆನ್ನುಮೂಳೆ, ಕೀಲುಗಳ ಬಿಗಿತಕ್ಕೂ ಕಾರಣ ಸಿಕ್ಕೀತು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ನದಿಯ ನೀರು ಅಥವಾ ಶುದ್ಧ ನೀರಿನ ಘಟಕದ ನೀರು ಬಳಸುವುದೇ ದಾರಿ.

ಎರಡನೆಯದು ಅಡಿಕೆ, ತಂಬಾಕು. ಕರ್ನಾಟಕ ಸರ್ಕಾರವು 2013ರಲ್ಲಿ ಗುಟಕಾವನ್ನು ನಿಷೇಧಿಸಿತು. ಅನಂತರ ಅಡಿಕೆಯ ಚೀಟು ಒಂದು, ತಂಬಾಕಿನ ಚೀಟು ಇನ್ನೊಂದು ಎಂದು ಎರಡಾಗಿ ಮಾರಾಟವಾಗತೊಡಗಿ ಕೊಳ್ಳುವವನ ಅಂಗೈಯಲ್ಲಿ ಕೂಡಿಕೊಂಡವು. ಗಡಿಯಾಚೆಗಿನ ಮಹಾರಾಷ್ಟ್ರದಲ್ಲಿ ಮಿಶ್ರಿ ಎಂಬ ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಸ್ತ್ರೀಯರಿದ್ದಾರೆ. ಅವರಿಗೆ ಅದು ಚಟವೆಂದೇ ಅನಿಸುವುದಿಲ್ಲ. ಅಡಿಕೆಯನ್ನು ಸದಾ ದವಡೆಯಲ್ಲಿಟ್ಟುಕೊಳ್ಳುವ ತರುಣನಿಗೆ ಮೊದಲು ಕೆಂಪು ಚಟ್ನಿ ತಾಳದಂತಾಗುತ್ತದೆ. ಅನಂತರ ಕೆನ್ನೆಯ ಒಳಗೆ ಅಮೃತಶಿಲೆಯಂತೆ ಬಿಳಿಚಿ ಗಟ್ಟಿಯಾದ ಪಟ್ಟಿಗಳು ಕೈಗೆ ತಗಲುತ್ತವೆ. ಕಡೆಗೆ ಬಾಯಿ ತೆರೆಯಲು ಬಾರದು. ಇದಕ್ಕೆ ವೈದ್ಯಕೀಯದಲ್ಲಿ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. ಮನೆಯಲ್ಲಿಯೇ ಪರೀಕ್ಷಿಸುವ ಉಪಾಯವೆಂದರೆ ತನ್ನದೇ ಮೂರು ಬೆರಳುಗಳನ್ನು ನೆಟ್ಟಗೆ ಜೋಡಿಸಿ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಇಡುವುದು. ಎರಡೇ ಹಿಡಿದರೆ ಅಂದೇ ಅಡಿಕೆಯನ್ನು ಬಿಟ್ಟು ತೋರಿಸಿಕೊಳ್ಳಬೇಕು. ಕಳೆದ ಬಿಗಿತ ಪೂರ್ತಿ ಹಿಂದಿರುಗದು; ಆದರೆ ಇದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿಯಾದುದರಿಂದ ಕಣ್ಗಾವಲು ಬೇಕೇಬೇಕು.

ಇಷ್ಟನ್ನು ಓದಿ ಕನ್ನಡಿಯ ಮುಂದೆ ನಿಂತು ಗಾಬರಿಗೊಳ್ಳುವುದೂ ತರವಲ್ಲ. ನಮ್ಮ ಜನರ ವಸಡುಗಳಲ್ಲಿ ಕಪ್ಪು ಛಾಯೆಯು ಸ್ವಾಭಾವಿಕ. ನಾಲಿಗೆಯ ಮೇಲೆ ನಕಾಶೆಯಂತೆ ಸ್ಥಳ ಬದಲಿಸುವ ಕೆಂಪು ತೇಪೆಗಳು, ಆಳವಾದ ಸೀಳುಗೆರೆಗಳು, ಕೆನ್ನೆಯೊಳಗಿನ ಹಳದಿ ಕಣಗಳು ಹಲವರಿಗೆ ಹುಟ್ಟಿನಿಂದಲೋ ವಯೋಧರ್ಮದಿಂದಲೋ ಬರುವಂಥವು. ಪರೀಕ್ಷೆಯ ದಿನಗಳಲ್ಲಿ ವಿದ್ಯಾರ್ಥಿಗಳಿಗೆ ಏಳುವ ಸಣ್ಣ ಹುಣ್ಣುಗಳು ಹತ್ತು ಹದಿನಾಲ್ಕು ದಿನಗಳಲ್ಲಿ ತಾವೇ ಮಾಯುತ್ತವೆ. ಎರಡು ವಾರ ದಾಟಿಯೂ ನಿಂತ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಗಡ್ಡೆ ಇವುಗಳನ್ನು ಮಾತ್ರ ಅಲಕ್ಷ್ಯ ಮಾಡಬಾರದು; ನೋವಿಲ್ಲದಿದ್ದರೆ ಇನ್ನೂ ಹೆಚ್ಚು ಸಂಶಯಪಡಬೇಕು. ವಿಜಯಪುರದ ಅಲ್-ಅಮೀನ್ ದಂತ ವೈದ್ಯಕೀಯ ಕಾಲೇಜು, ಬಿ.ಎಲ್.ಡಿ.ಇ. ಸಂಸ್ಥೆಯ ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜುಗಳು ತಿಕೋಟಾ, ಬಬಲೇಶ್ವರದವರಿಗೆ ದೂರವೇನಲ್ಲ. ಹೋಗುವಾಗ ತಾವು ನುಂಗುವ ಗುಳಿಗೆಗಳ ಹಾಳೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ರಕ್ತ ತೆಳುವಾಗಿಸುವ ಗುಳಿಗೆ, ಹೃದಯದ ಕವಾಟದ ಶಸ್ತ್ರಕ್ರಿಯೆ ಇವನ್ನು ಹಲ್ಲಿಗೇನು ಸಂಬಂಧವೆಂದು ಮುಚ್ಚಿಡಕೂಡದು.

ಮೊದಲು ಹೇಳಿದ ಆ ತಾಯಿಗೆ ಚರ್ಮರೋಗ ತಜ್ಞರು ಕೆನ್ನೆಯಿಂದ ಅಕ್ಕಿಕಾಳಿನಷ್ಟು ತುಣುಕನ್ನು ತೆಗೆದು ಪರೀಕ್ಷಿಸಬೇಕೆಂದಾಗ ಮನೆಯವರು ಒಪ್ಪಲಿಲ್ಲ. ಮಾಂಸ ತೆಗೆದರೆ ಗಾಯ ಮೈಯೆಲ್ಲ ಹಬ್ಬುವುದೆಂಬ ಭಯ ಅವರದು. ಹಾಗಾಗುವುದಿಲ್ಲವೆಂದು ತಿಳಿಹೇಳುವುದರಲ್ಲಿ ಎರಡು ವಾರ ಕಳೆದವು, ಅಷ್ಟರಲ್ಲಿ ಬೆನ್ನಿನ ಮೇಲೆ ಮೊದಲ ಬೊಕ್ಕೆ ಎದ್ದಿತ್ತು. ಪರೀಕ್ಷೆಯಾಯಿತು, ರೋಗ ಖಚಿತವಾಯಿತು, ಚಿಕಿತ್ಸೆ ಆರಂಭವಾಯಿತು. ಔಷಧದ ಪ್ರಮಾಣವನ್ನು ತಗ್ಗಿಸುತ್ತ ಬಂದು ಪೂರ್ತಿ ನಿಲ್ಲಿಸಲು ಮೂರು ವರ್ಷ ಹಿಡಿಯಿತು. ಈಗಲೂ ಆರು ತಿಂಗಳಿಗೊಮ್ಮೆ ಬಂದು ಬಾಯಿ ತೋರಿಸಿ ಹೋಗುತ್ತಾರೆ. ಕಳೆದ ಸಲ ಬಂದಾಗ ನನಗೆಂದು ಕಟಕ ರೊಟ್ಟಿ, ಗುರೆಳ್ಳು ಚಟ್ನಿ ತಂದಿದ್ದರು. ನನ್ನೆದುರಿಗೇ ಒಂದು ತುಂಡು ಮುರಿದು, ಚಟ್ನಿ ಹಚ್ಚಿ, ತಾವೇ ಮೊದಲು ತಿಂದು ತೋರಿಸಿದರು.